ಊರು ಬಿಡದ ಮೀನು

1852ರ ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಾಸಲಿಟೊ ದಡದಲ್ಲಿ ಎ. ಸಿ. ಜಾಕ್ಸನ್ ಎಂಬವರು ಗಾಳ ಹಾಕಿ ಮೀನು ಹಿಡಿಯುತ್ತಿದ್ದರು. ಎರೆ ಬದಲಿಸೋಣವೆಂದು ಆಗಷ್ಟೇ ಹಿಡಿದಿದ್ದ ಮೀನೊಂದರ ಹೊಟ್ಟೆ ಸೀಳಿದಾಗ ಒಳಗೆ ತಿಳಿ ನೇರಳೆ ಛಾಯೆಯ ಒಂದು ಚೀಲ ಕಂಡಿತು. ಒಳಗಿನದು ಹೊರಗೆ ಕಾಣುವಷ್ಟು ತೆಳುವಾದ ಚೀಲ. ಒಂದರ ಪಡಿಯಚ್ಚು ಇನ್ನೊಂದು ಎಂಬಂಥ ಮರಿಗಳು ಅದರೊಳಗೆ ಒತ್ತೊತ್ತಾಗಿ ತುಂಬಿಕೊಂಡಿದ್ದವು. ನುಂಗಿದ ಬೇಟೆಯಾಗಿದ್ದರೆ ಅವು ಜಠರದಲ್ಲಿರಬೇಕಿತ್ತು, ಸತ್ತಿರಬೇಕಿತ್ತು. ಇವು ಬಕೆಟ್ಟಿನ ಉಪ್ಪುನೀರಿಗೆ ಬಿಟ್ಟೊಡನೆ ಈಜತೊಡಗಿದವು. ಜಾಕ್ಸನ್ ಇದನ್ನು ಹಾರ್ವರ್ಡ್‌ನಲ್ಲಿದ್ದ ಲೂಯಿ ಅಗಾಸಿ ಅವರಿಗೆ ಬರೆದು ತಿಳಿಸಿದರು. ಮೀನುಗಳ ವಿಷಯದಲ್ಲಿ ಆ ಕಾಲಕ್ಕೆ ಅಮೆರಿಕದಲ್ಲಿ ಅಗಾಸಿ ಹೇಳಿದ್ದೇ ಕೊನೆಯ ಮಾತು. ಅವರಿಗೂ ಸುಲಭಕ್ಕೆ ನಂಬಿಕೆ ಬರಲಿಲ್ಲ. ಮಾದರಿ ಕಳಿಸಿ ಎಂದು ಕೇಳಿದರು. ಬಂದದ್ದನ್ನು ನೋಡಿದ ಮೇಲೆ 1853ರಲ್ಲಿ ಹೊಸದೊಂದು ಕುಟುಂಬವನ್ನೇ ಕಟ್ಟಿ ಎಂಬಿಯೊಟೊಸಿಡೇ ಎಂದು ಹೆಸರಿಟ್ಟರು. ಜೀವಂತ ಮರಿಯನ್ನು ಹೆರುವುದು ಎಂಬ ಅರ್ಥದ ಗ್ರೀಕ್ ಮಾತು ಅದರ ಬೇರಿನಲ್ಲಿದೆ. ಜಾಕ್ಸನ್ ಅವರ ಹೆಸರು ಇಂದಿಗೂ ಬ್ಲ್ಯಾಕ್ ಪರ್ಚ್ ಎಂಬ ಮೀನಿನ ಶಾಸ್ತ್ರೀಯ ಹೆಸರಾದ ಎಂಬಿಯೊಟೊಕ ಜಾಕ್ಸೊನಿಯಲ್ಲಿ ಉಳಿದಿದೆ. ದಡದ ಜನ ಇಡೀ ಕುಟುಂಬವನ್ನು ಕರೆಯುವುದು ಸರ್ಫ್‌ಪರ್ಚ್ ಎಂದು. ಅಲೆ ಒಡೆಯುವ ನೊರೆನೀರಿನ ಮೀನು ಎಂಬ ಅರ್ಥದಲ್ಲಿ.

ಹುಟ್ಟುವ ಬಗೆಯನ್ನು ನೋಡಿ ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಪಂಕ್ತಿಯಲ್ಲಿ ಕೂರಿಸಿದ ನಮ್ಮ ಹಳೆಯ ಲೆಕ್ಕದಲ್ಲಿ ಮೀನಿಗೆ ಸಿಕ್ಕಿದ್ದು ಹಕ್ಕಿ, ಹಾವುಗಳ ಜೊತೆ ಅಂಡಜದ ಪಂಕ್ತಿ. ತೊರಕೆಯ ಹೊಟ್ಟೆ ಸೀಳಿ ಮರಿ ಕಂಡ ಕರಾವಳಿಯ ಯಾವ ಮೀನುಗಾರರಿಗೂ ಈ ಪಂಕ್ತಿ ಪೂರ್ತಿ ನೆಟ್ಟಗಿಲ್ಲವೆಂದು ಗೊತ್ತಿರಲೇಬೇಕು. ಸೊಳ್ಳೆಮರಿ ತಿನ್ನಲೆಂದು ತೊಟ್ಟಿಗೆ ಬಿಡುವ ಗಪ್ಪಿಯೂ ಮರಿ ಹಾಕುವ ಮೀನೇ. ಆದ್ದರಿಂದ ಮೀನು ಮರಿ ಹಾಕುತ್ತದೆ ಎಂಬುದಷ್ಟೇ ಇಂದು ಸೋಜಿಗವಲ್ಲ. ಸೋಜಿಗದ ಹಿಂದೆಯೇ ನುಸುಳಿಕೊಂಡು ಬರುವ ತೀರ್ಪು ಬೇರೆ ಇದೆ, ನನ್ನ ತಕರಾರು ಅದರ ಮೇಲೆ. ಮೊಟ್ಟೆಯನ್ನು ನೀರಿಗೆ ಎರಚಿ ಹೋಗುವ ಮೀನು ಕೆಳಗಿನ ಮೆಟ್ಟಿಲು, ಹೊಟ್ಟೆಯಲ್ಲಿ ಹೊತ್ತು ಹೆರುವ ಮೀನು ಮೇಲಿನ ಮೆಟ್ಟಿಲು, ಅದರಾಚೆಗೆ ನಾವು ಎಂಬ ಏಣಿಯೊಂದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ನಿಂತಿದೆ. ಸರ್ಫ್‌ಪರ್ಚನ್ನು ಪರಿಚಯಿಸುವ ಬರಹಗಳೆಲ್ಲ ಬಹುಪಾಲು ಇದೇ ಏಣಿಗೆ ಒರಗಿಕೊಳ್ಳುತ್ತವೆ. ಮೀನಾದರೂ ಸಸ್ತನಿಯ ಹಾಗೆ ಎಂದು ಬೆನ್ನು ತಟ್ಟುತ್ತವೆ. ಈ ಕುಟುಂಬದ ಬದುಕನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬಡ್ತಿಯಲ್ಲ, ವ್ಯಾಪಾರ. ಸಿದ್ಧವಾದ ಮರಿಯನ್ನು ಪಡೆಯಲು ಈ ಮೀನು ಕಡಲು ಕೊಡುವ ಒಂದು ದೊಡ್ಡ ಸವಲತ್ತನ್ನು ಬಿಟ್ಟುಕೊಟ್ಟಿದೆ. ಆ ಸವಲತ್ತಿನ ಹೆಸರು ದೂರ. ಬಿಟ್ಟುಕೊಟ್ಟದ್ದು ಏನೆಂದು ಗಮನಿಸದೆ ಪಡೆದದ್ದನ್ನು ಮಾತ್ರ ಕೊಂಡಾಡಿದ್ದರಿಂದ, ಇದನ್ನು ಕಾಯುವ ನಮ್ಮ ಕಾನೂನುಗಳೂ ಬೇರೆ ಯಾವುದೋ ಮೀನಿಗೆ ಹೊಲಿದ ಅಂಗಿಯಂತೆ ಇದಕ್ಕೆ ಸರಿಹೊಂದದೆ ಉಳಿದಿವೆ.

ಮೊದಲು ಪಡೆದದ್ದರ ಲೆಕ್ಕ. ಈ ಕುಟುಂಬದಲ್ಲಿ ಇಪ್ಪತ್ತಮೂರರ ಆಸುಪಾಸು ಪ್ರಭೇದಗಳಿವೆ. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗಿನ ಪೆಸಿಫಿಕ್ ದಡವೇ ಹೆಚ್ಚಿನವುಗಳ ತವರು. ಕೆಲವು ಮಾತ್ರ ಜಪಾನ್ ಮತ್ತು ಕೊರಿಯದ ಕಡೆ. ಅಂಗೈಯಷ್ಟು ಉದ್ದದ ಶೈನರ್ ಪರ್ಚಿನಿಂದ ಹಿಡಿದು ಮೊಳದುದ್ದದ ರಬ್ಬರ್‌ಲಿಪ್‌ವರೆಗೆ ಗಾತ್ರ ಬೇರೆ ಬೇರೆ, ಹೆರುವ ಬಗೆ ಒಂದೇ. ಶೈನರ್ ಪರ್ಚಿನ ಮೊಟ್ಟೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿದೆ, ಮೀನುಗಳ ಮೊಟ್ಟೆಗಳಲ್ಲೇ ತೀರ ಚಿಕ್ಕವುಗಳ ಸಾಲಿಗೆ ಸೇರುವಂಥದ್ದು. ಅದರಲ್ಲಿ ಹಳದಿ ಭಾಗ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ತಾಯಿ ಬುತ್ತಿ ಕಟ್ಟಿ ಕಳಿಸುವುದಿಲ್ಲ, ಮನೆಯಲ್ಲೇ ಊಟಕ್ಕಿಕ್ಕುತ್ತಾಳೆ. ಐದಾರು ತಿಂಗಳ ಬಸಿರಿನಲ್ಲಿ ಮರಿಗಳು ಅಂಡಾಶಯದ ಮಡಿಕೆಗಳ ನಡುವೆ, ಅಲ್ಲಿ ಒಸರುವ ದ್ರವದಲ್ಲಿ ಮುಳುಗಿಕೊಂಡು ಬೆಳೆಯುತ್ತವೆ. ಸಸ್ತನಿಯ ಹಾಗೆ ಹೊಕ್ಕುಳಬಳ್ಳಿ ಇಲ್ಲ, ಮಾಸು ಇಲ್ಲ. ಅದರ ಕೆಲಸವನ್ನು ಮರಿಯ ಮೈಯೇ ಹಂಚಿಕೊಂಡಿದೆ. ಕರುಳಿನ ಹಿಂಭಾಗ ಅಳತೆ ಮೀರಿ ಹಿಗ್ಗಿ, ಒಳಗೆ ನೂಲಿನಂಥ ಕುಚ್ಚುಗಳು ಎದ್ದು ದ್ರವದಲ್ಲಿರುವ ಪೋಷಕಾಂಶವನ್ನು ಹೀರುತ್ತವೆ. ಬೆನ್ನಿನ ಮತ್ತು ಗುದದ ಬಳಿಯ ರೆಕ್ಕೆಗಳು ಬೀಸಣಿಗೆಯ ಹಾಗೆ ಅಗಲವಾಗಿ, ತುದಿಯಲ್ಲಿ ಸೌಟಿನಂಥ ಚಾಚುಗಳನ್ನು ಬೆಳೆಸಿಕೊಂಡು, ರಕ್ತನಾಳಗಳಿಂದ ತುಂಬಿ, ಕಿವಿರು ಇನ್ನೂ ಕೆಲಸ ಹಿಡಿಯದ ಹೊತ್ತಿನಲ್ಲಿ ಉಸಿರಾಟಕ್ಕೆ ಒದಗುತ್ತವೆ. ಹುಟ್ಟುವ ಹೊತ್ತಿಗೆ ಆ ಚಾಚುಗಳು ಕರಗಿ ಸಾದಾ ರೆಕ್ಕೆ ಉಳಿಯುತ್ತದೆ. ಹೊರಗೆ ಬರುವುದು ಸಾಮಾನ್ಯವಾಗಿ ಬಾಲ ಮುಂದಾಗಿ. ಶೈನರ್ ಮರಿ ಹುಟ್ಟುವಾಗಲೇ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದವಿರುತ್ತದೆ. ತಾಯಿಯ ಉದ್ದ ಹತ್ತರಿಂದ ಹದಿನೈದು ಸೆಂಟಿಮೀಟರ್. ತಾಯಿಯ ಮೂರನೇ ಒಂದು ಪಾಲು ಉದ್ದದ ಮಕ್ಕಳು ಹತ್ತಾರು!

ಇದನ್ನು ತಾಯಿಯ ಮಮತೆ ಎಂದು ಕರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಹೆತ್ತ ಮೇಲೆ ಈ ತಾಯಿ ಮರಿಯತ್ತ ತಿರುಗಿಯೂ ನೋಡುವುದಿಲ್ಲ. ಬಸಿರಿನ ಹಿಂದಿನ ಕತೆಯೂ ಸಂಸಾರದ ಚಿತ್ರಕ್ಕೆ ಒಗ್ಗುವಂಥದ್ದಲ್ಲ. ಶೈನರ್ ಪರ್ಚ್ ಮತ್ತು ಡ್ವಾರ್ಫ್ ಪರ್ಚಿನ ಗಂಡುಮರಿಗಳು ಹುಟ್ಟುತ್ತಲೇ ಪ್ರಾಯಕ್ಕೆ ಬಂದಿರುತ್ತವೆ, ವೀರ್ಯ ಸಿದ್ಧವಾಗಿರುತ್ತದೆ. ಬೇಸಗೆಯಲ್ಲಿ ಹುಟ್ಟಿದ ಗಂಡು ಅದೇ ಬೇಸಗೆಯಲ್ಲಿ ಕೂಡುತ್ತದೆ. ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಂಡು ಚಳಿಗಾಲದಲ್ಲಿ ಮೊಟ್ಟೆಗೆ ಸೇರಿಸುತ್ತದೆ. ಈ ನಡುವೆ ಅದು ಒಂದೇ ಗಂಡಿನ ಜೊತೆ ಕೂಡಬೇಕೆಂಬ ಕಟ್ಟುಪಾಡು ಇಲ್ಲ. ಒಂದೇ ಸೂಲಿನ ಮರಿಗಳಿಗೆ ಹಲವು ತಂದೆಯರಿರುವುದು ಶೈನರ್ ಪರ್ಚಿನ ವಂಶವಾಹಿ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿದೆ. ಗೂಡು ಕಾಯುವ, ಎದುರಾಳಿಯನ್ನು ಓಡಿಸುವ ದೊಡ್ಡ ಗಂಡಿಗೆ ಮಾತ್ರ ಸಂತಾನಭಾಗ್ಯ ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ; ವೀರ್ಯ ಹೆಣ್ಣಿನೊಳಗೆ ಕಾದು ಕೂರುವುದರಿಂದ ಪೈಪೋಟಿಯೂ ಹೆಣ್ಣಿನೊಳಗೇ ನಡೆಯುತ್ತದೆ, ಬೆರಳುದ್ದದ ಗಂಡಿಗೂ ಪಾಲು ಸಿಗುತ್ತದೆ. ಕಾರ್ಲ್ ಐಗನ್‌ಮನ್ 1890ರ ದಶಕದಲ್ಲೇ ಈ ಮೀನಿನ ಬಸಿರನ್ನು ಹಂತಹಂತವಾಗಿ ಬಿಡಿಸಿ ಬರೆದಿದ್ದರು. ಅಂದಿನಿಂದ ಇಂದಿನವರೆಗೆ ಸಿಕ್ಕಿದ ಪುರಾವೆಯೆಲ್ಲ ಹೇಳುವುದು ಒಂದನ್ನೇ: ಇದು ಮಮತೆಯ ಏರಿಕೆಯಲ್ಲ, ಖರ್ಚನ್ನು ಎಲ್ಲಿ ಮಾಡಬೇಕೆಂಬ ತೀರ್ಮಾನ. ಸಾವಿರ ಮೊಟ್ಟೆಯ ಮೇಲೆ ತೆಳುವಾಗಿ ಹರಡುವ ಬದಲು ಹತ್ತಿಪ್ಪತ್ತು ಮರಿಗಳ ಮೇಲೆ ಗಟ್ಟಿಯಾಗಿ ಸುರಿಯುವುದು.

ಈಗ ಬಿಟ್ಟುಕೊಟ್ಟದ್ದು. ನಮ್ಮ ಬೂತಾಯಿಯನ್ನು ತೆಗೆದುಕೊಳ್ಳಿ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಮೊಟ್ಟೆಯೂ ಅದರಿಂದ ಹೊರಬರುವ ಗಾಜಿನಂಥ ಎಳೆಮರಿಯೂ ದಿನಗಟ್ಟಲೆ ಪ್ರವಾಹದ ಜೊತೆ ತೇಲುತ್ತವೆ. ಬಹುಪಾಲು ಸಾಯುತ್ತವೆ, ನಿಜ. ಆದರೆ ಉಳಿದ ಒಂದೆರಡು ಹುಟ್ಟಿದ ಜಾಗದಿಂದ ಎಷ್ಟೋ ದೂರ ಹೋಗಿರುತ್ತವೆ. ಒಂದು ಊರಿನ ದಡದಲ್ಲಿ ಮೀನು ಬರಿದಾದರೂ ಇನ್ನೊಂದು ಊರಿನ ಎಳೆಮರಿ ತೇಲಿಬಂದು ತುಂಬುವ ದಾರಿ ತೆರೆದಿರುತ್ತದೆ. ಬಂಡೆಯ ಮೇಲೆ ಅಲ್ಲಾಡದೆ ಕೂರುವ ಮೀನಿಗೂ ಕಡಲು ಹೀಗೆ ಬಾಲ್ಯದಲ್ಲಿ ಒಮ್ಮೆ ಪ್ರಯಾಣ ಮಾಡಿಸುತ್ತದೆ. ಸರ್ಫ್‌ಪರ್ಚಿಗೆ ಆ ಬಾಲ್ಯವೇ ಇಲ್ಲ. ಅದು ತಾಯಿಯ ಹೊಟ್ಟೆಯಲ್ಲೇ ಮುಗಿದುಹೋಗುತ್ತದೆ. ಹುಟ್ಟಿದ ಮರಿ ಮೈಯಲ್ಲಿ ಚಿಕ್ಕದು, ನಡತೆಯಲ್ಲಿ ದೊಡ್ಡ ಮೀನು. ತಾಯಿ ಮೇಯುವ ಪಾಚಿಯ ನಡುವೆಯೇ ಅದೂ ಮೇಯತೊಡಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಮರಿ ಹಾಕುವುದಕ್ಕೂ ಊರು ಬಿಡದಿರುವುದಕ್ಕೂ ತಾನೇ ತಾನಾದ ನಂಟಿಲ್ಲ. ಅದೇ ಪೆಸಿಫಿಕ್ ದಡದ ರಾಕ್‌ಫಿಶ್‌ಗಳೂ ಮರಿ ಹಾಕುತ್ತವೆ, ದೊಡ್ಡ ಹೆಣ್ಣು ಒಂದು ಸೂಲಿಗೆ ಲಕ್ಷಗಟ್ಟಲೆ ಹಾಕುತ್ತದೆ. ಆದರೆ ಅವು ತೀರ ಎಳೆಯವು, ಹುಟ್ಟಿದ ಮೇಲೆ ತಿಂಗಳುಗಟ್ಟಲೆ ತೇಲಿಯೇ ಬೆಳೆಯುತ್ತವೆ. ಹಾಗಾಗಿ ಏಣಿಯ ಲೆಕ್ಕದಲ್ಲಿ ಒಂದೇ ಮೆಟ್ಟಿಲಿನಲ್ಲಿರುವ ಎರಡು ಮೀನುಗಳು ಬದುಕಿನ ಲೆಕ್ಕದಲ್ಲಿ ಎರಡು ಧ್ರುವಗಳಾಗುತ್ತವೆ. ಅಂಡಜವೋ ಜರಾಯುಜವೋ ಎಂಬ ಪ್ರಶ್ನೆಯೇ ಇಲ್ಲಿ ಕೆಲಸಕ್ಕೆ ಬಾರದು. ಕೇಳಬೇಕಾದದ್ದು, ಮರಿ ಎಷ್ಟು ಮುಗಿದು ಹುಟ್ಟುತ್ತದೆ ಎಂದು.

ಊರು ಬಿಡುವುದಿಲ್ಲ ಎಂಬುದು ಬರಿಯ ಊಹೆಯಲ್ಲ. ಜಾಕ್ಸನ್ ಹೆಸರಿನ ಬ್ಲ್ಯಾಕ್ ಪರ್ಚಿನ ವಂಶವಾಹಿಗಳನ್ನು ಕ್ಯಾಲಿಫೋರ್ನಿಯದ ದಡದುದ್ದಕ್ಕೂ, ಕಡಲಾಚೆಯ ದ್ವೀಪಗಳಲ್ಲೂ ಸಂಗ್ರಹಿಸಿ ಹೋಲಿಸಿದ ಜಾಕೊಮೊ ಬರ್ನಾರ್ಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಳನೀರು ಅಡ್ಡ ಬಂದ ಕಡೆಯೆಲ್ಲ ವಂಶವೂ ಒಡೆದುಕೊಂಡಿದೆ. ದೋಣಿಗೆ ಕೆಲವು ಗಂಟೆಯ ದಾರಿಯಾದ ದ್ವೀಪ, ಈ ಮೀನಿಗೆ ಬೇರೆ ದೇಶ. ಇನ್ನೂ ಹತ್ತಿರಕ್ಕೆ ಹೋದರೆ ಗಡಿಗಳು ಇನ್ನೂ ಸಣ್ಣವಾಗುತ್ತವೆ. ಸಾಂತಾ ಕ್ರೂಸ್ ದ್ವೀಪದ ಬಂಡೆಗಳಲ್ಲಿ ಬ್ಲ್ಯಾಕ್ ಪರ್ಚ್ ಮತ್ತು ಅದರ ದಾಯಾದಿ ಸ್ಟ್ರೈಪ್ಡ್ ಪರ್ಚ್ ಒಟ್ಟಿಗೇ ಇವೆ. ಸ್ಟ್ರೈಪ್ಡ್ ಪರ್ಚ್ ಪಾಚಿಯ ಎಲೆಯ ಮೇಲೆ ಕೂತ ಸಣ್ಣ ಸಿಗಡಿಯಂಥ ಹುಳುಗಳನ್ನು ಕಣ್ಣಿಟ್ಟು ಒಂದೊಂದಾಗಿ ಹೆಕ್ಕುತ್ತದೆ. ಬ್ಲ್ಯಾಕ್ ಪರ್ಚ್ ಬಾಯಿತುಂಬ ಪಾಚಿಯ ಹಿಡಿಯನ್ನೇ ಕಿತ್ತು, ಗಂಟಲಿನ ಎರಡನೇ ದವಡೆಯಲ್ಲಿ ಮೊರದಲ್ಲಿ ಕೇರಿದ ಹಾಗೆ ಕೇರಿ, ಹುಳುವನ್ನು ನುಂಗಿ ಕಸವನ್ನು ಉಗುಳುತ್ತದೆ. ಮಾರ್ಕ್ ಹಿಕ್ಸನ್ 1980ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಮೇಲಿನ ಬಂಡೆಯಿಂದ ಸ್ಟ್ರೈಪ್ಡ್ ಪರ್ಚುಗಳನ್ನು ತೆಗೆದಾಗ ಕೆಳಗಿದ್ದ ಬ್ಲ್ಯಾಕ್ ಪರ್ಚುಗಳು ಮೇಲೆ ಬಂದು ನೆಲೆಸಿದವು. ಬ್ಲ್ಯಾಕ್ ಪರ್ಚುಗಳನ್ನು ತೆಗೆದಾಗ ಸ್ಟ್ರೈಪ್ಡ್ ಕೆಳಗಿಳಿಯಲಿಲ್ಲ. ಮೇವು ಹೆಚ್ಚಿರುವ ಮೇಲಿನ ಜಾಗವನ್ನು ಬಲಶಾಲಿ ಹಿಡಿದುಕೊಂಡಿತ್ತು. ಕೆಲವೇ ಮೀಟರ್ ಆಳದ ವ್ಯತ್ಯಾಸಕ್ಕೆ ಹೊಲದ ಬದುವಿನಂತೆ ಕಾದಾಡುವ ಮೀನುಗಳಿವು.

ಇದಕ್ಕೊಂದು ಒಳ್ಳೆಯ ಎದುರುವಾದವಿದೆ, ಉಪೇಕ್ಷಿಸುವಂಥದ್ದಲ್ಲ. ಊರನ್ನೇ ಬಿಡದ ಮೀನಾಗಿದ್ದರೆ ಪೆಸಿಫಿಕ್ ಸಾಗರದ ಎರಡೂ ದಡಗಳಲ್ಲಿ ಇದು ಹೇಗೆ ಇದೆ? ಜಪಾನಿನಲ್ಲಿ ಇದರ ಹೆಸರು ಉಮಿತಾನಾಗೊ. ಅಲ್ಲಿ ಇದು ಎಷ್ಟು ಹಳೆಯ ನೆರೆಯವನೆಂದರೆ ಬಸುರಿಯರ ಪಥ್ಯದಲ್ಲೂ ಇದಕ್ಕೆ ಜಾಗವಿದೆ. ಸ್ಯಾನ್‌ಇನ್ ಪ್ರದೇಶದ ಕಡೆ ಇದರ ಮರಿ ಬಾಲ ಮುಂದಾಗಿ ಬರುವುದರಿಂದ ಮಗುವೂ ಕಾಲು ಮುಂದಾಗಿ ಬಂದೀತೆಂದು ಬಸುರಿ ಇದನ್ನು ತಿನ್ನಬಾರದೆನ್ನುತ್ತಿದ್ದರು. ಉತ್ತರದ ತೋಹೊಕುವಿನ ಕಡೆ ಹೆರಿಗೆ ಸುಸೂತ್ರವಾಗಲೆಂದು ಬಸುರಿಗೆ ತಿನ್ನಿಸುತ್ತಿದ್ದರು. ಒಂದೇ ಸಂಗತಿಯನ್ನು ನೋಡಿ ಎರಡು ಊರು ಎರಡು ತೀರ್ಮಾನಕ್ಕೆ ಬಂದದ್ದು ಸ್ವಾರಸ್ಯವೇ, ನೋಡಿದ್ದಂತೂ ಎರಡೂ ಸರಿಯಾಗಿಯೇ ನೋಡಿದ್ದವು. ಇರಲಿ, ಪ್ರಶ್ನೆ ಉಳಿದೇ ಇದೆ. ತೇಲುವ ಎಳೆಮರಿ ಇಲ್ಲದ ಮೀನು ಸಾಗರವನ್ನು ನೇರವಾಗಿ ದಾಟಲಾರದು. ಅದು ದಡ ಹಿಡಿದು, ಕೊಲ್ಲಿಯಿಂದ ಕೊಲ್ಲಿಗೆ, ತಲೆಮಾರಿನಿಂದ ತಲೆಮಾರಿಗೆ ಸರಿಯುತ್ತಲೇ ಉತ್ತರದ ಕಮಾನನ್ನು ಬಳಸಿ ಹೋಗಿರಬೇಕು. ಅದಕ್ಕೆ ಭೂವಿಜ್ಞಾನದ ಕಾಲಮಾನ ಬೇಕು. ಇಷ್ಟನ್ನು ಒಪ್ಪಿದರೆ ಎದುರುವಾದ ನನ್ನ ಮಾತಿಗೇ ಬೆಂಬಲವಾಗುತ್ತದೆ: ಈ ಮೀನು ಚಲಿಸಬಲ್ಲದು, ಆದರೆ ನಮ್ಮ ಪಂಚವಾರ್ಷಿಕ ಯೋಜನೆಗಳ ಗಡಿಯಾರದಲ್ಲಲ್ಲ. ಎಲ್ಲ ಪ್ರಭೇದಗಳೂ ಒಂದೇ ಸಮನೆ ಮನೆಗಂಟಿಕೊಂಡಿವೆ ಎಂದೂ ಇಲ್ಲ. ಶೈನರ್ ಪರ್ಚ್ ಚಳಿಗಾಲದಲ್ಲಿ ಆಳಕ್ಕೆ ಇಳಿದು ಬೇಸಗೆಗೆ ಕೊಲ್ಲಿಗೆ ಮರಳುತ್ತದೆ. ಆದರೆ ದೊಡ್ಡ ಮೀನು ಅತ್ತಿತ್ತ ಓಡಾಡುವುದು ಬೇರೆ, ಲಕ್ಷಾಂತರ ಎಳೆಮರಿ ಪ್ರತಿವರ್ಷ ಕಡಲಿನ ಉದ್ದಗಲಕ್ಕೆ ಚೆಲ್ಲಾಡುವುದು ಬೇರೆ.

ಬಾಗಿಲು ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕುಟುಂಬದೊಳಗೇ ಒಂದು ಉದಾಹರಣೆಯಿದೆ. ಇಪ್ಪತ್ತಮೂರರಲ್ಲಿ ಒಂದೇ ಒಂದು ಕಡಲನ್ನು ಬಿಟ್ಟು ಸಿಹಿನೀರು ಸೇರಿತು, ಕ್ಯಾಲಿಫೋರ್ನಿಯದ ಟೂಲಿ ಪರ್ಚ್. ಟೂಲಿ ಎಂದರೆ ಅಲ್ಲಿನ ಜೌಗಿನಲ್ಲಿ ಆಳೆತ್ತರ ಬೆಳೆಯುವ ಜೊಂಡು. ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ನದಿಗಳು, ಕ್ಲಿಯರ್ ಸರೋವರ, ರಷ್ಯನ್ ನದಿ, ಹೀಗೆ ಮೂರು ನೀರಿನಲ್ಲಿ ಮೂರು ಉಪಪ್ರಭೇದಗಳಾಗಿ ಅದು ಕವಲೊಡೆದಿದೆ. ಕವಲು ಮೈಬಣ್ಣದ್ದಷ್ಟೇ ಅಲ್ಲ. ಡೊನಾಲ್ಡ್ ಬಾಲ್ಟ್ಸ್ ಮತ್ತು ಪೀಟರ್ ಮೊಯ್ಲ್ 1982ರಲ್ಲಿ ತೋರಿಸಿದಂತೆ, ನೀರು ಯಾವಾಗ ಏರುತ್ತದೋ ಯಾವಾಗ ಇಳಿಯುತ್ತದೋ ಗೊತ್ತಿಲ್ಲದ ರಷ್ಯನ್ ನದಿಯಲ್ಲಿ ಹೆಣ್ಣುಗಳು ಬೇಗ ಹೆರುತ್ತವೆ, ಮೈಗೆ ಹೋಲಿಸಿದರೆ ಹೆಚ್ಚು ಮರಿ ಹಾಕುತ್ತವೆ, ಬೇಗ ಸಾಯುತ್ತವೆ. ನೆಮ್ಮದಿಯ ನೀರಿನಲ್ಲಿ ಲೆಕ್ಕಾಚಾರ ಬೇರೆ. ಅಂದರೆ ಊರಿನ ಸ್ವಭಾವವೇ ಮೀನಿನ ಸ್ವಭಾವವಾಗಿ ಇಳಿದಿದೆ. ಇದೇ ಮೀನು ಒಂದು ಕಾಲಕ್ಕೆ ಪಾಹಾರೊ ಮತ್ತು ಸಲಿನಾಸ್ ನದಿಗಳಲ್ಲೂ ಇತ್ತು. ಈಗ ಎರಡರಲ್ಲೂ ಇಲ್ಲ, ಸ್ಯಾನ್ ವಾಕೀನ್ ನದಿಯ ಬಹುಭಾಗದಲ್ಲೂ ಇಲ್ಲ. ಪ್ರಭೇದ ಅಳಿದಿಲ್ಲ, ಆದ್ದರಿಂದ ಪಟ್ಟಿಗಳಲ್ಲಿ ಅಪಾಯದ ಗಂಟೆ ಜೋರಾಗಿ ಬಾರಿಸುವುದಿಲ್ಲ. ಆದರೆ ಆ ನದಿಗಳಿಗೆ ಅದು ತಾನಾಗಿ ಮರಳುವ ದಾರಿಯಿಲ್ಲ. ಕಡಲಿನ ಸರ್ಫ್‌ಪರ್ಚಿಗೂ ಟೂಲಿ ಪರ್ಚಿಗೂ ನಡುವೆ ಇರುವ ಅಂತರ ಪ್ರಮಾಣದ್ದು ಮಾತ್ರ ಎಂದು ನನಗನ್ನಿಸುತ್ತದೆ. ಆಳನೀರಿನ ನಡುವಿನ ಬಂಡೆಗುಡ್ಡವೂ ಒಂದು ಬಗೆಯ ಕೆರೆಯೇ.

ಊರಿಗೆ ಅಂಟಿಕೊಂಡ ಜೀವ ಊರಿನ ಪಾಪವನ್ನೂ ಮೈಯಲ್ಲಿ ಹೊರುತ್ತದೆ. ಟ್ರಾನ್ಸ್‌ಫಾರ್ಮರುಗಳಿಗೆ ತುಂಬುತ್ತಿದ್ದ ಪಿಸಿಬಿ ಎಂಬ ರಾಸಾಯನಿಕದ ತಯಾರಿಕೆಯನ್ನು ಅಮೆರಿಕ 1979ರಲ್ಲಿ ನಿಷೇಧಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕೆಸರಿನಲ್ಲಿ ಅದು ಇನ್ನೂ ಕೂತಿದೆ. ಕೊಲ್ಲಿಯ ಯಾವ ಮೂಲೆ ಎಷ್ಟು ಕೆಟ್ಟಿದೆ ಎಂದು ಅಳೆಯಲು ಅಲ್ಲಿನ ನಿಗಾ ಕಾರ್ಯಕ್ರಮ ಆರಿಸಿಕೊಂಡ ಮೀನುಗಳಲ್ಲಿ ಶೈನರ್ ಪರ್ಚ್ ಮುಖ್ಯವಾದದ್ದು. ಕಾರಣ ಸರಳ: ಹುಟ್ಟಿದ ಜಾಗದ ಸುತ್ತಮುತ್ತಲೇ ಬೇಸಗೆಯಿಡೀ ಮೇಯುವ ಮೀನಿನ ಮಾಂಸದಲ್ಲಿ ಸಿಕ್ಕ ವಿಷ ಆ ಜಾಗದ ವಿಷವೇ, ಎಲ್ಲಿಂದಲೋ ಈಜಿ ತಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸರ್ಫ್‌ಪರ್ಚನ್ನು ಯಾರೂ ತಿನ್ನಬಾರದು ಎಂಬ ಸಲಹೆ ಜಾರಿಯಲ್ಲಿದೆ. ಕಟ್ಟೆಯ ಮೇಲೆ ಕೂತು ಗಾಳ ಹಾಕುವವರಲ್ಲಿ ಆ ಮೀನನ್ನೇ ಸಂಜೆಯ ಸಾರಿಗೆ ನೆಚ್ಚಿಕೊಂಡವರಿರುವಾಗ ಇದು ಸಣ್ಣ ಮಾತಲ್ಲ. ವಿಷ ಅಳೆಯುವ ಇಲಾಖೆ ಈ ಮೀನು ಊರು ಬಿಡುವುದಿಲ್ಲ ಎಂಬುದನ್ನು ಅರಿತು, ಅದನ್ನೇ ತನ್ನ ಅಳತೆಗೋಲು ಮಾಡಿಕೊಂಡಿದೆ. ಮೀನು ಕಾಯುವ ಇಲಾಖೆಗೆ ಅದೇ ಸಂಗತಿ ಯಾಕೆ ಅಷ್ಟು ಮುಖ್ಯವೆನಿಸುವುದಿಲ್ಲ?

ಕ್ಯಾಲಿಫೋರ್ನಿಯ 1999ರಲ್ಲಿ ಕಡಲಜೀವ ರಕ್ಷಣೆಗೆಂದೇ ಒಂದು ಕಾಯ್ದೆ ತಂದಿತು. ಅದರಡಿ 2012ರ ಹೊತ್ತಿಗೆ ದಡದುದ್ದಕ್ಕೂ 124 ರಕ್ಷಿತ ತಾಣಗಳ ಸರಪಳಿ ಸಿದ್ಧವಾಯಿತು. ರಾಜ್ಯದ ಕಡಲಿನ ಸುಮಾರು ಶೇ 16ರಷ್ಟು ಅದರೊಳಗೆ ಬಂತು. ದೊಡ್ಡ ಕೆಲಸ, ಅನುಮಾನವಿಲ್ಲ. ತಾಣಗಳ ನಡುವೆ 50ರಿಂದ 100 ಕಿಲೋಮೀಟರ್ ಅಂತರವಿದ್ದರೆ ಸಾಕೆಂದು ವಿಜ್ಞಾನಿಗಳು ಕೊಟ್ಟ ಸಲಹೆಯ ಹಿಂದಿರುವುದು ತೇಲುವ ಎಳೆಮರಿಯ ಲೆಕ್ಕ: ಒಂದು ತಾಣದಲ್ಲಿ ಹುಟ್ಟಿದ್ದು ಇನ್ನೊಂದನ್ನು ತಲುಪಬೇಕು. ಸರ್ಫ್‌ಪರ್ಚಿಗೆ ಈ ಸರಪಳಿಯ ಕೊಂಡಿಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಇದಕ್ಕೆ ಬರುವ ಉತ್ತರವನ್ನೂ ಕೇಳಬೇಕು. ಪ್ರತಿ ತಾಣದ ಅಗಲವನ್ನು ನಿಗದಿ ಮಾಡುವಾಗ ದೊಡ್ಡ ಮೀನಿನ ಓಡಾಟವನ್ನು ಗಣನೆಗೆ ತೆಗೆದುಕೊಳ್ಳಲಾಗಿದೆ, ದಡದ ಉದ್ದಕ್ಕೆ ಕನಿಷ್ಠ ಐದರಿಂದ ಹತ್ತು ಕಿಲೋಮೀಟರ್ ಇರಲಿ ಎಂದಿದ್ದಾರೆ. ಮನೆ ಬಿಡದ ಮೀನಿಗೆ ಅಷ್ಟು ಧಾರಾಳವಾಯಿತು. ಒಳಗೆ ಹುಟ್ಟಿದ್ದು ಒಳಗೇ ಉಳಿಯುವುದರಿಂದ ಕಾಪಾಡಿದ್ದರ ಫಲ ಪೂರ್ತಿ ಅಲ್ಲಿಗೇ ದಕ್ಕುತ್ತದೆ. ಈ ಉತ್ತರ ನ್ಯಾಯವಾಗಿದೆ, ನಾನು ಒಪ್ಪುತ್ತೇನೆ. ತಾಣದೊಳಗಿನ ಸರ್ಫ್‌ಪರ್ಚಿಗೆ ಅದು ಬಹುಶಃ ಬೇರೆಲ್ಲ ಮೀನಿಗಿಂತ ಒಳ್ಳೆಯ ವ್ಯವಸ್ಥೆ. ಹೊರಗಿನ ಸರ್ಫ್‌ಪರ್ಚಿಗೆ ಅದರಿಂದ ಏನೂ ದಕ್ಕುವುದಿಲ್ಲ. ರಕ್ಷಿತ ತಾಣಗಳನ್ನು ಸಮರ್ಥಿಸುವಾಗ ಮೀನುಗಾರರಿಗೆ ಹೇಳುವ ಸಮಾಧಾನ, ಅಲ್ಲಿ ತುಂಬಿದ್ದು ತುಳುಕಿ ನಿಮ್ಮ ಕಡೆಗೂ ಬರುತ್ತದೆ ಎಂಬುದು. ಈ ಕುಟುಂಬದ ವಿಷಯದಲ್ಲಿ ತುಳುಕುವುದು ಬಹಳ ನಿಧಾನ.

ಇನ್ನೊಂದು ಆಕ್ಷೇಪ ಹವಾಮಾನದ್ದು. ಸ್ಯಾಲಿ ಹೋಲ್‌ಬ್ರೂಕ್ ಮತ್ತು ರಸೆಲ್ ಶ್ಮಿಟ್ ದಶಕಗಳ ಕಾಲ ಸಾಂತಾ ಕ್ರೂಸ್ ದ್ವೀಪದ ಒಂದೇ ಬಂಡೆಗಳಲ್ಲಿ ಈ ಮೀನುಗಳನ್ನು ಎಣಿಸಿದ್ದಾರೆ. 1980ರ ದಶಕದಿಂದ ಅಲ್ಲಿ ಸರ್ಫ್‌ಪರ್ಚುಗಳು ಇಳಿಮುಖವಾದದ್ದು ಕಂಡಿದೆ, ಅದರ ಜೊತೆಗೇ ಬಂಡೆಯ ಮೇಲಿನ ಪಾಚಿ, ಪಾಚಿಯಲ್ಲಿ ಮನೆ ಮಾಡಿದ ಹುಳುಗಳು ಇಳಿದಿವೆ. 1976–77ರ ಹೊತ್ತಿಗೆ ಪೆಸಿಫಿಕ್ ಬೆಚ್ಚಗಾಗಿ ಆಳದಿಂದ ಮೇಲೇಳುವ ಪೋಷಕಾಂಶ ಕಡಿಮೆಯಾದದ್ದರ ನೆರಳು ಅದು. ಹಾಗಿದ್ದರೆ ಗಾಳದವರನ್ನು, ಕಾನೂನನ್ನು ದೂರಿ ಏನು ಫಲ, ಇಡೀ ಕಡಲೇ ಬದಲಾದಾಗ? ಪ್ರಶ್ನೆ ಸರಿ, ಅದರಿಂದ ಹೊರಡಿಸುವ ತೀರ್ಮಾನ ಸರಿಯಲ್ಲ. ಹೊಟ್ಟೆಯಲ್ಲಿ ಮರಿಗೆ ಉಣಿಸುವ ತಾಯಿಗೆ ಆ ವರ್ಷದ ಮೇವೇ ಆ ವರ್ಷದ ಸೂಲು. ಮೇವು ಇಳಿದರೆ ಆ ಬಂಡೆಯಲ್ಲಿ ಮರಿ ಇಳಿಯುತ್ತದೆ, ಹೊರಗಿನಿಂದ ತೇಲಿಬಂದು ಸರಿದೂಗಿಸುವುದು ಏನೂ ಇಲ್ಲ. ಹೀಗಿರುವಾಗ ಉಳಿದ ದೊಡ್ಡ ಹೆಣ್ಣುಗಳ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮರಳು ದಂಡೆಯ ಪಟ್ಟೆ ಸರ್ಫ್‌ಪರ್ಚಿನಲ್ಲಿ ಒಂದು ಸೂಲಿಗೆ ನಾಲ್ಕು ಮರಿಯಿಂದ 113ರವರೆಗೆ ದಾಖಲಾಗಿದೆ, ಸರಾಸರಿ ಮೂವತ್ತಮೂರು. ನಾಲ್ಕು ಹಾಕುವುದು ಚಿಕ್ಕ ಹೆಣ್ಣು, ನೂರು ದಾಟುವುದು ದೊಡ್ಡದು. ಗಾಳದವರ ಕಣ್ಣು ಬೀಳುವುದೂ ಆ ದೊಡ್ಡದರ ಮೇಲೆಯೇ.

ಕಾನೂನು ಇಲ್ಲವೆಂದಲ್ಲ. ಹವ್ಯಾಸಿಗಳು ದಿನಕ್ಕೆ ಒಟ್ಟು ಇಪ್ಪತ್ತು, ಒಂದೇ ಜಾತಿಯವು ಹತ್ತಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಕೆಂಪುಬಾಲದ ಸರ್ಫ್‌ಪರ್ಚ್ ಹತ್ತೂವರೆ ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ಬಿಡಬೇಕು. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಒಯ್ಯಿ ಎಂಬ ಈ ನಿಯಮ ಎಲ್ಲ ಮೀನುಗಾರಿಕೆ ಇಲಾಖೆಗಳ ಹಳೆಯ ಮಂತ್ರ: ಒಮ್ಮೆಯಾದರೂ ಮೊಟ್ಟೆಯಿಡಲು ಬಿಡು, ಆಮೇಲೆ ಹಿಡಿ. ಲಕ್ಷ ಮೊಟ್ಟೆಯ ಮೀನಿಗೆ ಒಮ್ಮೆ ಸಾಕಾದೀತು. ಸೂಲಿಗೆ ನಾಲ್ಕೆಂಟು ಮರಿಯಿಂದ ಶುರುಮಾಡುವ ಮೀನಿಗೆ ಅದು ತೀರ ಜಿಪುಣತನ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಪಾಬ್ಲೊ ಕೊಲ್ಲಿಗಳಲ್ಲಿ ಮಾತ್ರ ಏಪ್ರಿಲ್ 1ರಿಂದ ಜುಲೈ 31ರವರೆಗೆ, ಮರಿ ಹಾಕುವ ಕಾಲದಲ್ಲಿ, ಶೈನರ್ ಒಂದನ್ನುಳಿದು ಬೇರೆ ಸರ್ಫ್‌ಪರ್ಚುಗಳನ್ನು ಹಿಡಿಯುವಂತಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧದಂತೆ ಇದೂ ಕಾಲದ ಮೇಲೆ ಹಾಕಿದ ಬೇಲಿ, ಆದರೆ ಇಲ್ಲಿ ಅದಕ್ಕೆ ಜಾಗದ ಬೇಲಿಯೂ ಸೇರಿದೆ. ಅದಕ್ಕೇ ಇರುವ ನಿಯಮಗಳಲ್ಲೆಲ್ಲ ಇದೊಂದೇ ಈ ಮೀನಿನ ಅಳತೆಗೆ ಹೊಲಿದದ್ದು ಎಂದು ನನ್ನ ಎಣಿಕೆ. ಕೊಲ್ಲಿಯ ಹೊರಗೆ, ತೆರೆದ ದಡದಲ್ಲಿ, ಗಾಳದವರಿಗೆ ಆ ಬೇಲಿ ಇಲ್ಲ. ಬಸುರಿಗಳು ಹೆರಲು ದಡದ ನೊರೆನೀರಿಗೆ ಹತ್ತಿರವಾಗುವ ವಸಂತದಲ್ಲೇ ಅಲ್ಲಿ ಗಾಳದ ಸುಗ್ಗಿ. ಕೊಲ್ಲಿಯ ನಿಯಮವನ್ನು ದಡದುದ್ದಕ್ಕೂ ಒಂದೇ ಸಮನೆ ಎಳೆಯಬೇಕಿಲ್ಲ. ಯಾವ ಬಂಡೆ, ಯಾವ ಮರಳುತೀರ, ಯಾವ ಕಟ್ಟೆ ಎಂದು ನೋಡಿ, ಸರದಿಯ ಮೇಲೆ ಕೆಲವನ್ನು ಆ ತಿಂಗಳುಗಳಲ್ಲಿ ಮುಚ್ಚುವುದು ಸಾಧ್ಯವಿದೆ. ಉಸ್ತುವಾರಿ ಕಷ್ಟ, ನಿಯಮಪುಸ್ತಕ ದಪ್ಪವಾಗುತ್ತದೆ ಎಂಬ ಗೊಣಗು ಬರುತ್ತದೆ, ಬರಲಿ. ಊರೂರಿಗೆ ಬೇರೆಯಾಗಿ ಬದುಕುವ ಮೀನನ್ನು ಒಂದೇ ಸಾಲಿನ ನಿಯಮದಲ್ಲಿ ಕಾಯಲು ಹೊರಟರೆ ಪುಸ್ತಕ ತೆಳ್ಳಗಿರುತ್ತದೆ, ಅಷ್ಟೇ.

ಹಿಡಿದ ಬಸುರಿ ಸರ್ಫ್‌ಪರ್ಚ್ ಗಾಬರಿಗೆ ಬಕೆಟ್ಟಿನಲ್ಲೇ ಹೆರುವುದು ಆ ದಡದ ಗಾಳದವರಿಗೆಲ್ಲ ಗೊತ್ತಿರುವ ಸಂಗತಿ. ಬಾಲ ಮುಂದಾಗಿ ಒಂದೊಂದಾಗಿ ಜಾರಿ ಬೀಳುತ್ತವೆ. ದಿನ ತುಂಬಿದ್ದರೆ ಜಾಕ್ಸನ್ ಕಂಡ ಮರಿಗಳ ಹಾಗೆ ಬಕೆಟ್ಟಿನ ಅಂಚು ಹಿಡಿದು ಸುತ್ತುತ್ತವೆ. ಅವನ್ನು ಮರಳಿ ನೀರಿಗೆ ಸುರಿಯುವವರು ಅನೇಕರಿದ್ದಾರೆ. ಸುರಿಯುವುದಾದರೆ ತಾಯಿ ಸಿಕ್ಕ ಕಂಬದ ಬುಡಕ್ಕೇ ಸುರಿಯಬೇಕು. ಮನೆಗೆ ಹೋಗುವ ದಾರಿಯಲ್ಲಿ ಸಿಗುವ ಇನ್ನೊಂದು ಕಟ್ಟೆಯ ನೀರು ಅವಕ್ಕೆ ಪರವೂರು.